ಮಕ್ಕಳ ಬುದ್ಧಿಯನ್ನು ಅಳೆದ ಆಲ್ಫ್ರೆಡ್ ಬಿನೆ

ಡಿ.ಎಡ್. ಅಥವಾ ಬಿ.ಎಡ್. ಓದಿದ ಪ್ರತಿಯೊಬ್ಬ ಶಿಕ್ಷಕರಿಗೂ ಬಿನೆ-ಸೈಮನ್ ಎಂಬ ಜೋಡಿ ಹೆಸರು ಗೊತ್ತಿರುತ್ತದೆ. ಬುದ್ಧಿಶಕ್ತಿಯ ಮಾಪನ ಎಂಬ ಪಾಠದಲ್ಲಿ ಐದು ಅಂಕದ ಟಿಪ್ಪಣಿಗೆಂದು ಓದಿ, ಪರೀಕ್ಷೆ ಬರೆದು, ಆಮೇಲೆ ಮರೆತುಬಿಡುವ ಹೆಸರು ಅದು. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಬೇಕು ಎಂಬ ಸೂತ್ರ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ವಿಚಿತ್ರವೆಂದರೆ ಆ ಸೂತ್ರ ಬಿನೆಯವರದ್ದಲ್ಲ. ಮಗುವಿನ ಬುದ್ಧಿಯನ್ನು ಒಂದು ಅಂಕಿಯಲ್ಲಿ ಹೇಳಿ ಮುಗಿಸುವುದು ಅವರಿಗೆ ಒಪ್ಪಿಗೆಯೂ ಇರಲಿಲ್ಲ. ದಡ್ಡರೆಂದು ಶಾಲೆಯಿಂದ ಹೊರಬೀಳಲಿದ್ದ ಮಕ್ಕಳನ್ನು ಉಳಿಸಿಕೊಳ್ಳಲು ಅವರು ಒಂದು ಅಳತೆಗೋಲು ಮಾಡಿಕೊಟ್ಟರು. ಅವರ ಮರಣದ ನಂತರ ಅದೇ ಅಳತೆಗೋಲು ಮಕ್ಕಳ ಹಣೆಗೆ ದಡ್ಡರೆಂಬ ಪಟ್ಟಿ ಕಟ್ಟಲು ಬಳಕೆಯಾಯಿತು. ಆದ್ದರಿಂದ ಬಿನೆಯವರ ಜೀವನವನ್ನು ನಾವು ಶಿಕ್ಷಕರು ಮತ್ತು ಪೋಷಕರು ಒಮ್ಮೆ ಸಾವಧಾನವಾಗಿ ಓದಬೇಕಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಆಲ್ಫ್ರೆಡ್ ಬಿನೆ ಅವರು 1857ರ ಜುಲೈ ತಿಂಗಳಲ್ಲಿ ಮೆಡಿಟರೇನಿಯನ್ ಸಮುದ್ರ ತೀರದ ನೀಸ್ ನಗರದಲ್ಲಿ ಜನಿಸಿದರು. ಆಗ ನೀಸ್ ಸಾರ್ಡೀನಿಯಾ ರಾಜ್ಯಕ್ಕೆ ಸೇರಿತ್ತು. 1860ರಲ್ಲಿ ಅದು ಫ್ರಾನ್ಸಿಗೆ ಸೇರಿತು. ತಂದೆ ವೈದ್ಯರು, ತಾಯಿ ಚಿತ್ರ ಕಲಾವಿದೆ. ತಂದೆ ತಾಯಿ ಬೇರೆಯಾದ ಮೇಲೆ ಬಾಲಕ ಬಿನೆ ತಾಯಿಯ ಆಶ್ರಯದಲ್ಲಿಯೇ ಬೆಳೆದರು. ಮಗನ ಓದಿಗಾಗಿ ತಾಯಿ ಪ್ಯಾರಿಸ್ಸಿಗೆ ಬಂದು ನೆಲೆಸಿದರು. ಅಲ್ಲಿಯ ಪ್ರಸಿದ್ಧ ಲೂಯಿ ಲ ಗ್ರಾಂ ಶಾಲೆಯಲ್ಲಿ ಬಿನೆ ಓದಿದರು.

1878ರಲ್ಲಿ ಅವರು ಕಾನೂನು ಪದವಿ ಪಡೆದರು. ಆದರೆ ವಕೀಲಿ ವೃತ್ತಿ ಅವರಿಗೆ ಹಿಡಿಸಲಿಲ್ಲ. ವೈದ್ಯಕೀಯ ಓದಲು ಹೊರಟು ಅದನ್ನೂ ಅರ್ಧಕ್ಕೆ ಬಿಟ್ಟರು. ಮನೆಯಲ್ಲಿ ಅನುಕೂಲವಿದ್ದುದರಿಂದ ಸಂಪಾದನೆಯ ಅವಸರ ಇರಲಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಅವರು ಮನೋವಿಜ್ಞಾನದ ಪುಸ್ತಕಗಳನ್ನು ಓದತೊಡಗಿದರು. ಮನುಷ್ಯನ ಮನಸ್ಸು ಕೂಡ ವೀಕ್ಷಣೆ ಮತ್ತು ಪ್ರಯೋಗಗಳಿಗೆ ಒಳಪಡುತ್ತದೆ ಎಂಬ ವಿಚಾರ ಯುರೋಪಿನಲ್ಲಿ ಆಗ ತಾನೇ ಚಿಗುರುತ್ತಿತ್ತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಅವರು 1879ರಲ್ಲಿ ಮನೋವಿಜ್ಞಾನದ ಪ್ರಯೋಗಶಾಲೆ ಆರಂಭಿಸಿದ್ದರು. ಇಂತಹ ಕಾಲದಲ್ಲಿ ಗುರುವಿಲ್ಲದೆ, ಕಾಲೇಜಿಲ್ಲದೆ, ಪುಸ್ತಕವನ್ನೇ ಗುರುವೆಂದು ನಂಬಿ ಬಿನೆ ಈ ಕ್ಷೇತ್ರಕ್ಕೆ ಕಾಲಿಟ್ಟರು.

ಹೀಗೆ ಕಲಿಯುವುದರಲ್ಲಿ ಒಂದು ಅಪಾಯವೂ ಇದೆ. ತಪ್ಪಿದರೆ ಕಿವಿ ಹಿಂಡಿ ತಿದ್ದುವವರು ಇರುವುದಿಲ್ಲ. 1880ರಲ್ಲಿ ಸ್ಪರ್ಶಜ್ಞಾನದ ಬಗ್ಗೆ ಅವರು ಪ್ರಕಟಿಸಿದ ಮೊದಲ ಲೇಖನವನ್ನು ಬೆಲ್ಜಿಯಂ ದೇಶದ ವಿದ್ವಾಂಸ ಡೆಲ್‌ಬಫ್ ಕಟುವಾಗಿ ಟೀಕಿಸಿದರು. ಇದೇ ಡೆಲ್‌ಬಫ್ ಇನ್ನೊಮ್ಮೆ, ಇನ್ನೂ ದೊಡ್ಡ ಪೆಟ್ಟು ಕೊಡುವವರಿದ್ದರು.

ಆಸ್ಪತ್ರೆಯಲ್ಲಿ ಕಲಿತ ಪಾಠ

1883ರ ಸುಮಾರಿಗೆ ಬಿನೆ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಗೆ ಬಂದರು. ಅಲ್ಲಿ ನರರೋಗ ತಜ್ಞ ಶಾರ್ಕೊ ಅವರ ಹೆಸರು ದೇಶವಿದೇಶಗಳಲ್ಲಿ ಮೊಳಗುತ್ತಿತ್ತು. ಸಿಗ್ಮಂಡ್ ಫ್ರಾಯ್ಡ್ ಕೂಡ 1885ರಲ್ಲಿ ಅಲ್ಲಿಗೆ ಕಲಿಯಲು ಬಂದಿದ್ದರು ಎಂದರೆ ಆ ಸಂಸ್ಥೆಯ ಕೀರ್ತಿಯನ್ನು ಊಹಿಸಬಹುದು. ಶಾರ್ಕೊ ಅವರು ಹಿಸ್ಟೀರಿಯಾ ರೋಗಿಗಳನ್ನು ಸಂಮೋಹನಕ್ಕೆ ಒಳಪಡಿಸಿ ಅಧ್ಯಯನ ಮಾಡುತ್ತಿದ್ದರು.

ಬಿನೆ ಮತ್ತು ಅವರ ಸಹೋದ್ಯೋಗಿ ಫೆರೆ ಸೇರಿ ಒಂದು ಆಶ್ಚರ್ಯಕರ ಸಂಗತಿಯನ್ನು ಪ್ರಕಟಿಸಿದರು. ಸಂಮೋಹನದಲ್ಲಿರುವ ರೋಗಿಯ ಬಳಿ ಅಯಸ್ಕಾಂತ ಹಿಡಿದರೆ ಬಲಗೈಯ ಲಕ್ವ ಎಡಗೈಗೆ ವರ್ಗವಾಗುತ್ತದೆ, ಸಂತೋಷದಲ್ಲಿದ್ದವರು ದುಃಖಕ್ಕೆ ತಿರುಗುತ್ತಾರೆ ಎಂಬುದು ಅವರ ವಾದ. ಡೆಲ್‌ಬಫ್ ಸ್ವತಃ ಆಸ್ಪತ್ರೆಗೆ ಬಂದು ಪ್ರಯೋಗಗಳನ್ನು ನೋಡಿದರು. ಏನು ಆಗಬೇಕೆಂದು ಪ್ರಯೋಗಕಾರರು ರೋಗಿಯ ಎದುರಿನಲ್ಲೇ ಮಾತನಾಡುತ್ತಿದ್ದರು, ಅಯಸ್ಕಾಂತವನ್ನು ಕಣ್ಣೆದುರೇ ಹಿಡಿಯುತ್ತಿದ್ದರು. ರೋಗಿ ಅವರ ನಿರೀಕ್ಷೆಯನ್ನು ಅರಿತು ಅದರಂತೆ ನಡೆದುಕೊಳ್ಳುತ್ತಿದ್ದರು. ಅಯಸ್ಕಾಂತದ ಪ್ರಭಾವ ಎಂಬುದು ಇರಲೇ ಇಲ್ಲ, ಇದ್ದದ್ದು ಸೂಚನೆಯ ಪ್ರಭಾವ ಮಾತ್ರ.

ಬಿನೆ ಮೊದಲು ವಾದ ಮಾಡಿದರು. ಕೊನೆಗೆ ತಪ್ಪನ್ನು ಒಪ್ಪಿಕೊಂಡರು. 1890ರ ಹೊತ್ತಿಗೆ ಆಸ್ಪತ್ರೆಯನ್ನು ಬಿಟ್ಟರು. ವಿದ್ವಾಂಸರ ಮುಂದೆ ಮುಖಭಂಗವಾದರೂ ಅವರು ಕೈಚೆಲ್ಲಿ ಕೂರಲಿಲ್ಲ. ಪ್ರಯೋಗ ಮಾಡುವವನು ತಾನು ನೋಡಬಯಸಿದ್ದನ್ನೇ ನೋಡುತ್ತಾನೆ ಎಂಬ ಪಾಠವನ್ನು ಅವರು ಬದುಕಿನುದ್ದಕ್ಕೂ ಮರೆಯಲಿಲ್ಲ. ಅವರ ಮುಂದಿನ ಕೆಲಸವೆಲ್ಲ ಈ ಪಾಠದ ಮೇಲೆಯೇ ನಿಂತಿದೆ.

ಮನೆಯೇ ಪ್ರಯೋಗಶಾಲೆ

1884ರಲ್ಲಿ ಬಿನೆಯವರ ವಿವಾಹವಾಯಿತು. ಪತ್ನಿ ಲೋರ್ ಅವರು ಜೀವವಿಜ್ಞಾನಿ ಬಾಲ್ಬಿಯಾನಿಯವರ ಮಗಳು. 1885ರಲ್ಲಿ ಮದ್ಲೆನ್, 1887ರಲ್ಲಿ ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಜನಿಸಿದರು. ಆಸ್ಪತ್ರೆಯ ಬಾಗಿಲು ಮುಚ್ಚಿದ ಮೇಲೆ ಈ ಮಕ್ಕಳ ಆಟಪಾಟಗಳೇ ಬಿನೆಯವರ ಅಧ್ಯಯನದ ವಸ್ತುವಾದವು.

ಅಕ್ಕ ನಡೆಯಲು ಕಲಿಯುವಾಗ ಒಂದು ಆಸರೆಯನ್ನು ಬಿಟ್ಟು ಇನ್ನೊಂದು ಆಸರೆ ಹತ್ತಿರವಿದ್ದರೆ ಮಾತ್ರ ಹೆಜ್ಜೆ ಇಡುತ್ತಿದ್ದಳು. ತಂಗಿ ಬೀಳುವ ಭಯವಿಲ್ಲದೆ ಕೋಣೆಯ ನಡುವಿಗೆ ನುಗ್ಗುತ್ತಿದ್ದಳು. ದೊಡ್ಡವರಾದ ಮೇಲೂ ಈ ಭೇದ ಉಳಿಯಿತು. ಒಂದು ವಸ್ತುವನ್ನು ಕೊಟ್ಟು ವರ್ಣಿಸಿ ಎಂದರೆ ಅಕ್ಕ ಅದರ ಆಕಾರ, ಬಣ್ಣ, ಗೆರೆಗಳನ್ನು ಕ್ರಮವಾಗಿ ಬರೆಯುತ್ತಿದ್ದಳು. ತಂಗಿಯ ಮನಸ್ಸು ಆ ವಸ್ತುವನ್ನು ಬಿಟ್ಟು ಕಲ್ಪನೆಯ ಕಡೆಗೆ ಓಡುತ್ತಿತ್ತು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಪಾಲನೆಯಲ್ಲಿ ಬೆಳೆದವರು. ಇಬ್ಬರಲ್ಲಿ ಯಾರು ಜಾಣೆ ಎಂದು ಕೇಳುವುದೇ ಸರಿಯಲ್ಲ, ಇಬ್ಬರೂ ಬೇರೆ ಬೇರೆ ಬಗೆಯಲ್ಲಿ ಜಾಣೆಯರು ಎಂಬುದನ್ನು ತಂದೆ ಕಂಡುಕೊಂಡರು. ವೈಯಕ್ತಿಕ ಭಿನ್ನತೆಗಳು ಎಂದು ನಾವು ಪಠ್ಯದಲ್ಲಿ ಓದುವ ಪರಿಕಲ್ಪನೆ ಬಿನೆಯವರಿಗೆ ಹೊಳೆದದ್ದು ಹೀಗೆ. ಈ ಅಧ್ಯಯನ 1903ರಲ್ಲಿ ದೊಡ್ಡ ಗ್ರಂಥವಾಗಿ ಹೊರಬಂತು.

ಇನ್ನೂ ಲೆಕ್ಕ ಬಾರದ ವಯಸ್ಸಿನಲ್ಲಿ ಮಗಳ ಮುಂದೆ ಬಿಲ್ಲೆಗಳ ಎರಡು ಗುಂಪು ಇಟ್ಟು ಯಾವುದರಲ್ಲಿ ಹೆಚ್ಚಿವೆ ಎಂದು ಅವರು ಕೇಳಿದ್ದರು. ಮಗು ಎಣಿಕೆಯಿಂದ ಹೇಳದೆ, ಯಾವ ಗುಂಪು ಹೆಚ್ಚು ಜಾಗ ಹಿಡಿದಿದೆ ಎಂಬುದನ್ನು ನೋಡಿ ಹೇಳುತ್ತಿತ್ತು. ಮಗು ಪುಟ್ಟ ಗಾತ್ರದ ದೊಡ್ಡವನಲ್ಲ, ಅದರ ಆಲೋಚನೆಯ ರೀತಿಯೇ ಬೇರೆ ಎಂಬ ವಿಚಾರಕ್ಕೆ ಇದು ಮುನ್ಸೂಚನೆಯಾಗಿತ್ತು. ಆ ವಿಚಾರವನ್ನು ಮುಂದೆ ಪಿಯಾಜೆ ಬೆಳೆಸಿದರು.

ಸಂಬಳವಿಲ್ಲದ ಕೆಲಸ

1891ರಲ್ಲಿ ಒಂದು ರೈಲು ನಿಲ್ದಾಣದಲ್ಲಿ ಬಿನೆಯವರಿಗೆ ಬೋನಿ ಎಂಬ ಹಿರಿಯ ವಿಜ್ಞಾನಿಯ ಭೇಟಿಯಾಯಿತು. ಪ್ಯಾರಿಸ್ಸಿನ ಸೋರ್ಬೋನ್‌ನಲ್ಲಿ 1889ರಲ್ಲಿ ಸ್ಥಾಪನೆಯಾಗಿದ್ದ ಮನೋವಿಜ್ಞಾನ ಪ್ರಯೋಗಶಾಲೆಗೆ ಬೋನಿಯವರೇ ನಿರ್ದೇಶಕರು. ತಮ್ಮಲ್ಲಿ ಕೆಲಸ ಮಾಡಲು ಅವಕಾಶ ಕೊಡಿ, ಸಂಬಳ ಬೇಡ ಎಂದು ಬಿನೆ ಕೇಳಿಕೊಂಡರು. ಕೆಲವೇ ವರ್ಷಗಳಲ್ಲಿ ಅವರೇ ಅದರ ನಿರ್ದೇಶಕರಾದರು, ಕೊನೆಯವರೆಗೂ ಆ ಸ್ಥಾನದಲ್ಲಿದ್ದರು. ಕೀಟಗಳ ನರವ್ಯೂಹದ ಬಗ್ಗೆ ಪ್ರಬಂಧ ಬರೆದು 1894ರಲ್ಲಿ ಡಾಕ್ಟರೇಟ್ ಪಡೆದರು. ಮನೋವಿಜ್ಞಾನಕ್ಕಾಗಿ ಒಂದು ವಾರ್ಷಿಕ ಪತ್ರಿಕೆಯನ್ನೂ ಹೊರತಂದರು. ಅದು ಫ್ರಾನ್ಸಿನ ಪ್ರಮುಖ ಪತ್ರಿಕೆಯಾಗಿ ಬೆಳೆಯಿತು. ಇಷ್ಟಾದರೂ ಫ್ರಾನ್ಸಿನಲ್ಲಿ ಅವರಿಗೆ ಪ್ರಾಧ್ಯಾಪಕ ಪೀಠ ದೊರೆಯಲಿಲ್ಲ. 1902ರಲ್ಲಿ ಕಾಲೇಜ್ ದ ಫ್ರಾನ್ಸ್‌ನಲ್ಲಿ ತೆರವಾದ ಪೀಠಕ್ಕೆ ಪಿಯೆರ್ ಜಾನೆ ಅವರು ಆಯ್ಕೆಯಾದರು, ಬಿನೆ ಹಿಂದುಳಿದರು.

ಈ ವರ್ಷಗಳಲ್ಲಿ ಬಿನೆ ಪ್ರಯೋಗಶಾಲೆಯ ಯಂತ್ರಗಳನ್ನು ಬಿಟ್ಟು ಶಾಲೆಗಳಿಗೆ ಹೋದರು. ಶಾಲಾ ಮಕ್ಕಳ ಮೇಲೆ ಅವರು ನಡೆಸಿದ ಒಂದು ಪ್ರಯೋಗವನ್ನು ನಾವೆಲ್ಲ ತಿಳಿದಿರಬೇಕು. ಮಕ್ಕಳಿಗೆ ಒಂದಾದ ಮೇಲೊಂದು ಗೆರೆ ತೋರಿಸುವುದು, ನೋಡಿದ ಗೆರೆಯ ಉದ್ದವನ್ನು ಅವರು ಕಾಗದದ ಮೇಲೆ ಗುರುತಿಸುವುದು. ಮೊದಲ ಕೆಲವು ಗೆರೆಗಳು ಕ್ರಮವಾಗಿ ಉದ್ದವಾಗುತ್ತ ಹೋಗುತ್ತವೆ. ಅನಂತರದ ಗೆರೆಗಳೆಲ್ಲ ಒಂದೇ ಸಮ. ಆದರೆ ಮಕ್ಕಳಲ್ಲಿ ಬಹಳ ಜನ ಅವುಗಳನ್ನೂ ಉದ್ದ ಉದ್ದವಾಗಿಯೇ ಗುರುತಿಸುತ್ತ ಹೋದರು. ಕಣ್ಣು ಕಂಡದ್ದಕ್ಕಿಂತ ಮನಸ್ಸು ನಿರೀಕ್ಷಿಸಿದ್ದು ಬಲವಾಯಿತು.

ಇನ್ನೊಂದು ಪ್ರಯೋಗದಲ್ಲಿ ಒಂದು ರಟ್ಟಿಗೆ ಗುಂಡಿ, ಅಂಚೆ ಚೀಟಿ, ನಾಣ್ಯ ಮುಂತಾದ ವಸ್ತುಗಳನ್ನು ಅಂಟಿಸಿ ಮಕ್ಕಳಿಗೆ ತೋರಿಸಿ ತೆಗೆದುಬಿಟ್ಟರು. ನೋಡಿದ್ದನ್ನು ನೀವೇ ಹೇಳಿ ಎಂದರೆ ಮಕ್ಕಳು ಬಹುಮಟ್ಟಿಗೆ ಸರಿಯಾಗಿ ಹೇಳಿದರು. ಆದರೆ ಗುಂಡಿಯನ್ನು ಯಾವ ದಾರದಿಂದ ಹೊಲಿದಿತ್ತು ಎಂಬಂತಹ ಪ್ರಶ್ನೆ ಬಂದಾಗ ಇಲ್ಲದ ದಾರವನ್ನೂ ಮಕ್ಕಳು ಕಂಡಂತೆ ಉತ್ತರ ಕೊಟ್ಟರು. ಸರಿ ಉತ್ತರ ಹೇಳಿದ ಮಗುವನ್ನು ನಿನಗೆ ಖಾತ್ರಿಯೇ ಎಂದು ಮತ್ತೆ ಕೇಳಿದರೆ ಎಷ್ಟೋ ಮಕ್ಕಳು ಸರಿ ಉತ್ತರವನ್ನು ಬಿಟ್ಟು ತಪ್ಪು ಉತ್ತರ ಹಿಡಿಯುತ್ತಿದ್ದರು. 1900ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ಬಗೆಯ ಅನೇಕ ಪ್ರಯೋಗಗಳಿವೆ. ಕೇಳುವವರ ದನಿ ಮತ್ತು ಮುಖಭಾವದ ಮುಂದೆ ಮಗು ತನ್ನ ತಿಳಿವಳಿಕೆಯನ್ನೇ ಬಿಟ್ಟುಕೊಡುತ್ತದೆ. ಕಣ್ಣು ಕೆಂಪು ಮಾಡಿ ಪ್ರಶ್ನೆ ಕೇಳುವ ಅಭ್ಯಾಸವಿದ್ದವರು ಇದನ್ನು ನೆನಪಿಡಬೇಕು.

ಆ ಕಾಲದಲ್ಲಿ ತಲೆಯ ಗಾತ್ರ ದೊಡ್ಡದಿದ್ದರೆ ಬುದ್ಧಿಯೂ ಹೆಚ್ಚು ಎಂಬ ನಂಬಿಕೆ ವಿದ್ವಾಂಸರಲ್ಲಿಯೇ ಇತ್ತು. ಬಿನೆಯವರೂ ಅದನ್ನು ನಂಬಿ, ಶಿಕ್ಷಕರು ಜಾಣರೆಂದೂ ದಡ್ಡರೆಂದೂ ಆರಿಸಿಕೊಟ್ಟ ಮಕ್ಕಳ ತಲೆಗಳನ್ನು ಅಳೆದರು. ಎರಡು ಗುಂಪುಗಳ ನಡುವೆ ಕಂಡ ವ್ಯತ್ಯಾಸ ಅತ್ಯಲ್ಪ. ಸಾಲದ್ದಕ್ಕೆ, ಮಗು ದಡ್ಡನೆಂದು ಮೊದಲೇ ಗೊತ್ತಿದ್ದರೆ ತಮ್ಮ ಕೈ ತಿಳಿಯದೆಯೇ ಅಳತೆಯನ್ನು ಕಡಿಮೆ ಮಾಡುತ್ತಿರಬಹುದೆಂದು ಅವರಿಗೆ ಅನುಮಾನ ಬಂತು. ಮತ್ತೆ ಅಳೆದು ನೋಡಿದಾಗ ಅನುಮಾನ ಸುಳ್ಳಾಗಿರಲಿಲ್ಲ. ಅಯಸ್ಕಾಂತದ ಪಾಠ ಇಲ್ಲಿ ಉಪಯೋಗಕ್ಕೆ ಬಂತು. ತಲೆಬುರುಡೆಯ ದಾರಿಯನ್ನು ಅವರು ಕೈಬಿಟ್ಟರು.

ಸರ್ಕಾರದ ಸಮಿತಿ

1882ರ ಕಾಯಿದೆಯ ಪ್ರಕಾರ ಫ್ರಾನ್ಸಿನಲ್ಲಿ 6ರಿಂದ 13 ವರ್ಷದ ಎಲ್ಲ ಮಕ್ಕಳಿಗೆ ಶಿಕ್ಷಣ ಕಡ್ಡಾಯವಾಗಿತ್ತು. ಕೂಲಿಕಾರರ ಮಕ್ಕಳು, ರೈತರ ಮಕ್ಕಳು, ಹಿಂದೆ ಶಾಲೆಯ ಮುಖ ನೋಡದವರೆಲ್ಲ ತರಗತಿಗೆ ಬಂದರು. ಅವರಲ್ಲಿ ಕೆಲವರು ಎಷ್ಟು ವರ್ಷ ಕೂತರೂ ಕಲಿಯುತ್ತಿರಲಿಲ್ಲ. ಇಂತಹ ಮಕ್ಕಳಿಗೆ ಏನು ವ್ಯವಸ್ಥೆ ಮಾಡಬೇಕೆಂದು ವಿಚಾರ ಮಾಡಲು 1904ರಲ್ಲಿ ಶಿಕ್ಷಣ ಸಚಿವರು ಒಂದು ಸಮಿತಿ ನೇಮಿಸಿದರು. ಬಿನೆ ಅದರ ಸದಸ್ಯರಾಗಿದ್ದರು.

ವಿಶೇಷ ತರಗತಿ ತೆರೆಯಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಯಾವ ಮಗು ವಿಶೇಷ ತರಗತಿಗೆ, ಯಾವುದು ಸಾಮಾನ್ಯ ತರಗತಿಗೆ ಎಂದು ನಿರ್ಧರಿಸುವವರು ಯಾರು? ಶಿಕ್ಷಕರು ತುಂಟ ಮಗುವನ್ನು ಮಂದಬುದ್ಧಿಯವನೆಂದು ಹೇಳಿ ಸಾಗಹಾಕಬಹುದು. ತಂದೆ ತಾಯಂದಿರು ನಿಜಸ್ಥಿತಿಯನ್ನು ಮುಚ್ಚಿಡಬಹುದು. ವೈದ್ಯರ ಮಾತಾದರೂ ಗಟ್ಟಿಯೇ ಎಂದು ಬಿನೆ ಪ್ರಮಾಣಪತ್ರಗಳನ್ನು ಹೋಲಿಸಿ ನೋಡಿದರು. ಒಂದೇ ಮಗುವನ್ನು ಒಬ್ಬ ವೈದ್ಯರು ಒಂದು ವರ್ಗಕ್ಕೆ ಸೇರಿಸಿದರೆ ಇನ್ನೊಬ್ಬರು ಬೇರೆ ವರ್ಗಕ್ಕೆ ಸೇರಿಸಿದ್ದರು. ಒಂದು ಕಾಗದದ ಮೇಲೆ ಮಗುವಿನ ಇಡೀ ಭವಿಷ್ಯ ನಿಂತಿರುವಾಗ ಹೀಗೆ ಅಂದಾಜಿನ ಮೇಲೆ ಬರೆಯುವುದು ಅನ್ಯಾಯವೆಂದು ಅವರಿಗೆ ಅನಿಸಿತು. ಯಾರು ಪರೀಕ್ಷಿಸಿದರೂ ಒಂದೇ ಫಲಿತಾಂಶ ಬರುವ ಅಳತೆಗೋಲು ಬೇಕಾಗಿತ್ತು.

ಮೂವತ್ತು ಪ್ರಶ್ನೆಗಳು

ಈ ಕೆಲಸದಲ್ಲಿ ಅವರ ಜೊತೆಗಾರರಾದವರು ತಿಯೋಡೋರ್ ಸೈಮನ್. ಮಂದಬುದ್ಧಿಯ ಮಕ್ಕಳಿದ್ದ ಆಸ್ಪತ್ರೆಯಲ್ಲಿ ಇವರು ತರುಣ ವೈದ್ಯರಾಗಿದ್ದರು. ಇಬ್ಬರೂ ಸೇರಿ 1905ರಲ್ಲಿ 30 ಪ್ರಶ್ನೆಗಳ ಮೊದಲ ಮಾಪನವನ್ನು ಪ್ರಕಟಿಸಿದರು. ಪ್ರಶ್ನೆಗಳು ಸುಲಭದಿಂದ ಕಠಿಣಕ್ಕೆ ಏರುತ್ತಿದ್ದವು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳ ಹೆಸರು ಹೇಳುವುದು, ಮೂರು ಅಂಕಿಗಳನ್ನು ಕೇಳಿ ಹಾಗೆಯೇ ಹೇಳುವುದು, ಎರಡು ತೂಕಗಳಲ್ಲಿ ಯಾವುದು ಭಾರ ಎಂದು ಗುರುತಿಸುವುದು, ನೊಣಕ್ಕೂ ಚಿಟ್ಟೆಗೂ ಇರುವ ವ್ಯತ್ಯಾಸ ಹೇಳುವುದು, ಮೂರು ಪದಗಳನ್ನು ಸೇರಿಸಿ ಒಂದು ವಾಕ್ಯ ಮಾಡುವುದು ಇತ್ಯಾದಿ. ಶಾಲೆಯ ಓದುಬರಹವನ್ನು ಸಾಧ್ಯವಾದಷ್ಟು ದೂರವಿಟ್ಟದ್ದು ಇದರ ವಿಶೇಷ. ಏಕೆಂದರೆ ಕಲಿಯಲು ಅವಕಾಶವೇ ಸಿಗದ ಮಗುವನ್ನು ಕಲಿಯುವ ಶಕ್ತಿಯಿಲ್ಲದ ಮಗು ಎಂದು ತಿಳಿಯಬಾರದಷ್ಟೆ.

1908ರಲ್ಲಿ ಈ ಮಾಪನವನ್ನು ಪರಿಷ್ಕರಿಸಿ ಪ್ರಶ್ನೆಗಳನ್ನು 3ರಿಂದ 13 ವರ್ಷದವರೆಗೆ ವಯಸ್ಸಿಗೆ ತಕ್ಕಂತೆ ಜೋಡಿಸಿದರು. ಸಾಮಾನ್ಯವಾಗಿ ಮೂರು ವರ್ಷದ ಮಗು ತನ್ನ ಕಣ್ಣು, ಮೂಗು, ಬಾಯಿ ತೋರಿಸುತ್ತದೆ. ಐದು ವರ್ಷದ ಮಗು ಚೌಕವನ್ನು ನೋಡಿ ಬರೆಯುತ್ತದೆ, ನಾಲ್ಕು ನಾಣ್ಯಗಳನ್ನು ಎಣಿಸುತ್ತದೆ. ಎಂಟು ವರ್ಷದ ಮಗು ಇಪ್ಪತ್ತರಿಂದ ಸೊನ್ನೆಯವರೆಗೆ ಹಿಮ್ಮುಖವಾಗಿ ಎಣಿಸುತ್ತದೆ. ಎಂಟು ವರ್ಷದ ಮಗು ಆರು ವರ್ಷದವರ ಪ್ರಶ್ನೆಗಳನ್ನು ಮಾತ್ರ ಬಿಡಿಸಿದರೆ ಅದರ ಮಾನಸಿಕ ಮಟ್ಟ ಆರು ವರ್ಷದ್ದು, ಎರಡು ವರ್ಷ ಹಿಂದಿದೆ ಎಂದು ಅರ್ಥ. ಮಾನಸಿಕ ವಯಸ್ಸು ಎಂದು ನಾವು ಹೇಳುವ ಪರಿಕಲ್ಪನೆ ಇಲ್ಲಿಂದಲೇ ಹುಟ್ಟಿತು. ಬಿನೆಯವರು ಮಾತ್ರ ಮಟ್ಟ ಎಂಬ ಪದವನ್ನೇ ಹೆಚ್ಚಾಗಿ ಬಳಸಿದರು. ಮಟ್ಟ ಎಂದರೆ ಇಂದು ಮಗು ನಿಂತಿರುವ ಮೆಟ್ಟಿಲು. ನಾಳೆ ಅದು ಮೇಲೆ ಹತ್ತಬಹುದು. ಬಟ್ಟೆಯನ್ನು ಮೊಳದಿಂದ ಅಳೆದಂತೆ ಬುದ್ಧಿಯನ್ನು ಅಳೆಯಲಾಗದು, ಇದು ಮಕ್ಕಳನ್ನು ಅದೇ ವಯಸ್ಸಿನ ಇತರ ಮಕ್ಕಳೊಂದಿಗೆ ಹೋಲಿಸುವ ಉಪಾಯ ಮಾತ್ರ ಎಂದು ಅವರು ಎಚ್ಚರಿಸಿದ್ದರು. ಪರೀಕ್ಷಿಸುವವರು ಸಮಾಧಾನವಂತರಾಗಿರಬೇಕು, ಮಗುವಿನ ಅಂಜಿಕೆಯನ್ನು ಮೊದಲು ಹೋಗಲಾಡಿಸಬೇಕು, ಉತ್ತರದ ಸುಳಿವು ಕೊಡಬಾರದು ಎಂಬ ನಿಯಮಗಳನ್ನೂ ಹಾಕಿದ್ದರು.

ಮನಸ್ಸಿನ ತಾಲೀಮು

ಬಿನೆಯವರ ಕೆಲಸ ಅಳೆಯುವುದರಲ್ಲೇ ಮುಗಿಯಲಿಲ್ಲ. 1905ರಲ್ಲಿಯೇ ಅವರು ಪ್ಯಾರಿಸ್ಸಿನ ಕಾರ್ಮಿಕರ ಬಡಾವಣೆಯ ಒಂದು ಶಾಲೆಯಲ್ಲಿ, ಮುಖ್ಯೋಪಾಧ್ಯಾಯ ವಾನೆ ಅವರ ಸಹಕಾರದಿಂದ, ಶಿಕ್ಷಣದ ಪ್ರಯೋಗಶಾಲೆ ತೆರೆದರು. ಹಿಂದುಳಿದ ಮಕ್ಕಳಿಗಾಗಿ ವಿಶೇಷ ತರಗತಿಗಳೂ ಪ್ರಾರಂಭವಾದವು. 1909ರ ಏಪ್ರಿಲ್ 15ರಂದು ಇಂತಹ ತರಗತಿಗಳಿಗಾಗಿ ಕಾನೂನೇ ಬಂತು.

ಈ ತರಗತಿಗಳಲ್ಲಿ ಮಕ್ಕಳಿಗೆ ಮೊದಲೇ ಲೆಕ್ಕ, ವ್ಯಾಕರಣ ಹೇರಲಿಲ್ಲ. ಸುಮ್ಮನೆ ಕುಳಿತು ಕೇಳುವುದೇ ಬಾರದ ಮಗುವಿಗೆ ಮೊದಲು ಗಮನ ಕೊಡುವುದನ್ನು ಕಲಿಸಬೇಕು ಎಂಬುದು ಬಿನೆಯವರ ಅಭಿಪ್ರಾಯ. ಶಿಕ್ಷಕರು ಸನ್ನೆ ಮಾಡಿದ ಕೂಡಲೇ ಮಕ್ಕಳು ಇದ್ದ ಭಂಗಿಯಲ್ಲೇ ಕಲ್ಲಿನ ಬೊಂಬೆಯಂತೆ ನಿಲ್ಲಬೇಕು. ಮೊದಲ ದಿನ ನಗು, ಗದ್ದಲ. ದಿನ ಕಳೆದಂತೆ ನಿಲ್ಲುವ ಹೊತ್ತು ಹೆಚ್ಚಾಗುತ್ತಿತ್ತು. ಇನ್ನೊಂದು ಆಟದಲ್ಲಿ ಒಂಬತ್ತು ವಸ್ತುಗಳಿರುವ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮರೆಮಾಡಿ, ನೆನಪಿನಿಂದ ಅವುಗಳ ಹೆಸರು ಬರೆಸುತ್ತಿದ್ದರು. ಒಮ್ಮೆ ತರಗತಿ ನೋಡಲು ಬಂದ ಸಂಸತ್ ಸದಸ್ಯರು ತಾವೂ ಈ ಆಟ ಆಡಿ ನೋಡಿದರು. ಮಂದಬುದ್ಧಿಯವರೆಂದು ಕರೆಸಿಕೊಂಡ ಆ ಪುಟ್ಟ ಮಕ್ಕಳು ಸಂಸತ್ ಸದಸ್ಯರಿಗಿಂತ ಹೆಚ್ಚು ವಸ್ತುಗಳನ್ನು ನೆನಪಿಟ್ಟಿದ್ದರು. ಅಭ್ಯಾಸದ ಫಲವಿದು ಎಂಬುದನ್ನು ಬಿನೆ ವಿವರಿಸಿ ಹೇಳಿದರು.

ಬಾಗಿದ ಬೆನ್ನನ್ನು ವ್ಯಾಯಾಮದಿಂದ ನೇರ ಮಾಡುವಂತೆ ಗಮನ, ನೆನಪು, ಸಂಕಲ್ಪಗಳನ್ನೂ ಅಭ್ಯಾಸದಿಂದ ಬಲಪಡಿಸಬಹುದು ಎಂದು ಅವರು ನಂಬಿದ್ದರು. ಉರ್ದುವಿನಲ್ಲಿ ತಾಲೀಮ್ ಎಂದರೆ ಶಿಕ್ಷಣ. ಅದೇ ಪದ ಕನ್ನಡಕ್ಕೆ ಬಂದು ತಾಲೀಮು ಆದಾಗ ಪೈಲ್ವಾನರ ಕಸರತ್ತು, ನಾಟಕದವರ ಪೂರ್ವಾಭ್ಯಾಸ ಎಂಬ ಅರ್ಥ ಪಡೆಯಿತು. ಬಿನೆಯವರ ತರಗತಿಗಳಲ್ಲಿ ಈ ಎರಡು ಅರ್ಥಗಳೂ ಒಂದಾಗಿದ್ದವು ಎನ್ನಬಹುದು.

1909ರಲ್ಲಿ ಅವರು ಶಿಕ್ಷಕರಿಗೂ ಪೋಷಕರಿಗೂ ತಿಳಿಯುವ ಸರಳ ಶೈಲಿಯಲ್ಲಿ ಮಕ್ಕಳ ಬಗ್ಗೆ ಒಂದು ಪುಸ್ತಕ ಬರೆದರು. ಹುಟ್ಟಿದಾಗ ಇದ್ದಷ್ಟೇ ಬುದ್ಧಿ, ಅದನ್ನು ಹೆಚ್ಚಿಸಲಾಗದು ಎನ್ನುವವರನ್ನು ಅದರಲ್ಲಿ ಬಲವಾಗಿ ಖಂಡಿಸಿದರು. ಅವರಿಗೆ ತಮ್ಮದೇ ಅನುಭವ ನೆನಪಿತ್ತು. ಶಾಲಾಂತ್ಯ ಪರೀಕ್ಷೆಯಲ್ಲಿ ಅವರು ಒಂದು ಹೆಸರನ್ನು ತಪ್ಪಾಗಿ ಹೇಳಿದಾಗ, ತತ್ತ್ವಶಾಸ್ತ್ರದ ಬುದ್ಧಿ ನಿನಗೆ ಎಂದೆಂದಿಗೂ ಬರುವುದಿಲ್ಲ ಎಂಬರ್ಥದ ಮಾತನ್ನು ಪರೀಕ್ಷಕರು ಆಡಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಆ ಮಾತಿನ ಮುಳ್ಳು ಹೋಗಿರಲಿಲ್ಲ. ಮಗು ಹಿಂದೆ ಬಿದ್ದರೆ ಕಾರಣ ಹುಡುಕಿ ಎಂಬುದು ಅವರ ಪುಸ್ತಕದ ಸಾರ. ಕಪ್ಪು ಹಲಗೆ ಕಾಣದ ಮಗು ದಡ್ಡನೆನಿಸಿಕೊಳ್ಳುವುದನ್ನು ಕಂಡು, ಶಿಕ್ಷಕರೇ ತರಗತಿಯಲ್ಲಿ ಮಾಡಬಹುದಾದ ಸರಳ ದೃಷ್ಟಿ ಪರೀಕ್ಷೆಯನ್ನೂ ಅವರು ರೂಪಿಸಿದ್ದರು.

1911ರಲ್ಲಿ ಮಾಪನದ ಮತ್ತೊಂದು ಪರಿಷ್ಕರಣೆ ಹೊರಬಂತು. ಅದೇ ವರ್ಷ ಅಕ್ಟೋಬರ್ 18ರಂದು, ಮೆದುಳಿನ ಆಘಾತದಿಂದ ಬಿನೆ ನಿಧನರಾದರು. ಆಗ ಅವರಿಗೆ 54 ವರ್ಷ.

ಅಳತೆಗೋಲು ಪರರ ಕೈಗೆ

ಬಿನೆ ತೀರಿಕೊಂಡ ಮರುವರ್ಷ, 1912ರಲ್ಲಿ, ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಸಲಹೆ ಮುಂದಿಟ್ಟರು. 1916ರಲ್ಲಿ ಅಮೆರಿಕದ ಟರ್ಮನ್ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನು ಪ್ರಕಟಿಸಿ ಅದನ್ನು ನೂರರಿಂದ ಗುಣಿಸಿದರು. ಐಕ್ಯೂ ಅಥವಾ ಬುದ್ಧಿಲಬ್ಧ ಎಂಬ ಅಂಕಿ ಹೀಗೆ ಚಾಲ್ತಿಗೆ ಬಂತು. ಹತ್ತಬಹುದಾದ ಮೆಟ್ಟಿಲು ಹಣೆಬರಹದಂತಹ ಅಂಕಿಯಾಗಿ ಮಾರ್ಪಟ್ಟಿತು.

ಈ ಪರೀಕ್ಷೆಯನ್ನು ಅಮೆರಿಕಕ್ಕೆ ಮೊದಲು ಒಯ್ದ ಗಾಡರ್ಡ್ ಮತ್ತು ಅದನ್ನು ಬೆಳೆಸಿದ ಟರ್ಮನ್ ಇಬ್ಬರೂ ಬುದ್ಧಿ ವಂಶದಿಂದಲೇ ಬರುತ್ತದೆ ಎಂದು ನಂಬಿದವರು. ಹಡಗಿನಿಂದ ಇಳಿದ ಬಡ ವಲಸಿಗರನ್ನು, ಭಾಷೆ ತಿಳಿಯದವರನ್ನು ಸಹ ಪರೀಕ್ಷೆಗೆ ಕೂರಿಸಲಾಯಿತು. ಮಂದಬುದ್ಧಿಯವರೆನಿಸಿದವರಿಗೆ ಮಕ್ಕಳಾಗದಂತೆ ಬಲವಂತವಾಗಿ ಶಸ್ತ್ರಚಿಕಿತ್ಸೆ ಮಾಡುವ ಕಾನೂನುಗಳು ಅಲ್ಲಿಯ ಅನೇಕ ರಾಜ್ಯಗಳಲ್ಲಿ ಬಂದವು. ವರ್ಜೀನಿಯಾ ರಾಜ್ಯದ ಕ್ಯಾರಿ ಬಕ್ ಎಂಬ ಬಡ ಯುವತಿಯ ಮಾನಸಿಕ ವಯಸ್ಸು ಒಂಬತ್ತು ಎಂದು ಈ ಪರೀಕ್ಷೆಯ ಮೇಲೆ ತೀರ್ಮಾನಿಸಲಾಯಿತು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಕೆಯ ಶಸ್ತ್ರಚಿಕಿತ್ಸೆಗೆ ಅನುಮತಿ ನೀಡಿತು. ಆಕೆಯ ಹಸುಗೂಸನ್ನು ಕೂಡ ಸಹಜವಾಗಿಲ್ಲ ಎಂದು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲಾಗಿತ್ತು. ಅದೇ ಮಗು ಮುಂದೆ ಶಾಲೆಗೆ ಹೋಗಿ ಚೆನ್ನಾಗಿ ಓದಿ ಗೌರವ ಪಟ್ಟಿಯಲ್ಲಿ ಹೆಸರು ಪಡೆಯಿತು. ಎಂಟನೆಯ ವಯಸ್ಸಿಗೇ ಕಾಯಿಲೆಯಿಂದ ತೀರಿಕೊಂಡಿತು. ಅಮೆರಿಕದಲ್ಲಿ ಹೀಗೆ ಬಲವಂತದ ಶಸ್ತ್ರಚಿಕಿತ್ಸೆಗೆ ಒಳಗಾದವರ ಸಂಖ್ಯೆ 60,000ಕ್ಕೂ ಹೆಚ್ಚು. ಪ್ಯಾರಿಸ್ಸಿನ ಮಕ್ಕಳನ್ನು ಶಾಲೆಯಲ್ಲಿ ಉಳಿಸಲು ಹುಟ್ಟಿದ ಪರೀಕ್ಷೆ ಎಲ್ಲಿಗೆ ಹೋಗಿ ಮುಟ್ಟಿತೆಂದು ಇದರಿಂದ ತಿಳಿಯುತ್ತದೆ. 1961ರವರೆಗೆ ಬದುಕಿದ್ದ ಸೈಮನ್ ಅವರು, ಬುದ್ಧಿಲಬ್ಧವು ತಮ್ಮ ಮಾಪನದ ಉದ್ದೇಶಕ್ಕೇ ಬಗೆದ ದ್ರೋಹ ಎಂದು ಭಾವಿಸಿದ್ದರು.

ಬಿನೆಯವರ ದಾರಿಯನ್ನು ಸರಿಯಾಗಿ ಹಿಡಿದವರೂ ಇದ್ದರು. 1919ರಲ್ಲಿ ಪ್ಯಾರಿಸ್ಸಿಗೆ ಬಂದ ಸ್ವಿಟ್ಜರ್ಲೆಂಡಿನ ತರುಣ ಪಿಯಾಜೆ, ಬಿನೆಯವರ ಹಳೆಯ ಶಾಲಾ ಪ್ರಯೋಗಶಾಲೆಯಲ್ಲಿಯೇ ಸೈಮನ್ ಅವರ ಕೈಕೆಳಗೆ ಮಕ್ಕಳಿಗೆ ಪರೀಕ್ಷೆ ನಡೆಸುವ ಕೆಲಸ ಮಾಡಿದರು. ಎಷ್ಟು ಉತ್ತರ ಸರಿ ಎಂದು ಎಣಿಸುವ ಬದಲು ಮಗು ತಪ್ಪು ಉತ್ತರವನ್ನು ಏಕೆ ಕೊಟ್ಟಿತು ಎಂದು ಅವರು ಕೇಳತೊಡಗಿದರು. ಆ ಪ್ರಶ್ನೆಯಿಂದ ಬೆಳೆದ ಸಿದ್ಧಾಂತವನ್ನು ಇಂದು ಎಲ್ಲ ಶಿಕ್ಷಕರ ತರಬೇತಿಯಲ್ಲೂ ಓದಿಸುತ್ತಾರೆ.

ನಮ್ಮ ನಾಡಿನಲ್ಲಿ

ಬಿನೆಯವರ ಮಾಪನ ನಮ್ಮ ದೇಶಕ್ಕೂ ಬಂತು. ಲಾಹೋರಿನಲ್ಲಿ ಸಿ. ಹರ್ಬರ್ಟ್ ರೈಸ್ ಅವರು 1922ರಲ್ಲಿ ಅದರ ಹಿಂದೂಸ್ತಾನಿ ರೂಪವನ್ನು ಸಿದ್ಧಪಡಿಸಿದರು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಅದನ್ನು ಅಳವಡಿಸಿದವರು ವಿ.ವಿ. ಕಾಮತ್. ಬಾಂಬೆ-ಕರ್ನಾಟಕ ಪರಿಷ್ಕರಣೆ ಎಂದು ಹೆಸರಾದ ಈ ಕೆಲಸದ ಗ್ರಂಥ 1940ರಲ್ಲಿ ಪ್ರಕಟವಾಯಿತು. ಬಿನೆ-ಕಾಮತ್ ಪರೀಕ್ಷೆ ಎಂದು ಇದು ದೇಶದ ಅನೇಕ ಆಸ್ಪತ್ರೆ ಮತ್ತು ಮಾರ್ಗದರ್ಶನ ಕೇಂದ್ರಗಳಲ್ಲಿ ದಶಕಗಳ ಕಾಲ ಬಳಕೆಯಾಯಿತು. ಪ್ಯಾರಿಸ್ಸಿನ ಪ್ರಶ್ನೆಗಳನ್ನು ಹಾಗೆಯೇ ಅನುವಾದ ಮಾಡಿದರೆ ಸಾಲದು, ಮಗುವಿನ ಭಾಷೆಯಲ್ಲಿ, ಅದು ಕಂಡ ಲೋಕದಿಂದಲೇ ಪ್ರಶ್ನೆ ಕೇಳಬೇಕು ಎಂಬ ಅರಿವು ಈ ಕೆಲಸದ ಹಿಂದೆ ಇತ್ತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ಮಕ್ಕಳಿಗೆ ಪಾಠ ಹೇಳುವ ನಮಗೆ ಇದು ಸಣ್ಣ ಮಾತಲ್ಲ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಬಾಯಿ ಬಿಡದ ಮಗು ಅದನ್ನೇ ಉರ್ದುವಿನಲ್ಲಿ ಕೇಳಿದರೆ ಥಟ್ಟನೆ ಉತ್ತರ ಹೇಳುವುದುಂಟು.

ಫ್ರಾನ್ಸಿನಲ್ಲಿ 1882ರಲ್ಲಿ ಬಂದಂತಹ ಕಾಯಿದೆ ನಮ್ಮಲ್ಲಿ 2009ರಲ್ಲಿ ಬಂತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕಾಯಿತು. ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿಯುತ್ತಿರುವ ಮಕ್ಕಳು ನಮ್ಮ ತರಗತಿಗಳಲ್ಲಿಯೂ ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಓದು, ಬರಹ, ಲೆಕ್ಕದಲ್ಲಿ ಮಾತ್ರ ಕಂಡುಬರುವ ನಿರ್ದಿಷ್ಟ ಕಲಿಕಾ ನ್ಯೂನತೆಗೂ ಸ್ಥಾನ ಸಿಕ್ಕಿದೆ. ಬುದ್ಧಿ ಸರಿಯಿದ್ದೂ ಅಕ್ಷರಗಳು ಕಣ್ಣಮುಂದೆ ಕಲಸಿಹೋಗುವ ಮಕ್ಕಳು ಇದ್ದಾರೆಂದು ಕಾನೂನು ಒಪ್ಪಿದೆ. ಅದನ್ನು ತರಗತಿಯಲ್ಲಿ ಮೊದಲು ಗುರುತಿಸಬೇಕಾದವರು ಶಿಕ್ಷಕರೇ.

ಶಿಕ್ಷಕ ಬಂಧುಗಳೇ, ಪೋಷಕರೇ, ಒಂದು ಮಗು ಕಲಿಯುತ್ತಿಲ್ಲವೆಂದಾದರೆ ನಾವು ಕೇಳಬೇಕಾದ ಪ್ರಶ್ನೆಗಳನ್ನು ಬಿನೆಯವರ ಜೀವನವೇ ಹೇಳಿಕೊಡುತ್ತದೆ. ಮಗುವಿಗೆ ಹಲಗೆ ಕಾಣುತ್ತಿದೆಯೇ, ಪಾಠ ಕೇಳಿಸುತ್ತಿದೆಯೇ? ಬೆಳಿಗ್ಗೆ ಏನಾದರೂ ತಿಂದು ಬಂದಿದೆಯೇ? ನಾವಾಡುವ ಭಾಷೆ ಅದಕ್ಕೆ ತಿಳಿಯುತ್ತಿದೆಯೇ? ನಮ್ಮ ದನಿಗೆ ಹೆದರಿ ಗೊತ್ತಿದ್ದದ್ದನ್ನೂ ನುಂಗಿಕೊಳ್ಳುತ್ತಿದೆಯೇ? ಇಂಥವನೆಂದು ಮೊದಲೇ ನಿರ್ಧರಿಸಿ ನಾವೇ ಅದರ ಅಳತೆಯನ್ನು ಕಡಿಮೆ ಮಾಡುತ್ತಿದ್ದೇವೆಯೇ? ಇಷ್ಟನ್ನೂ ಕೇಳಿದ ನಂತರ ಪರೀಕ್ಷೆ ಅಗತ್ಯವೆನಿಸಿದರೆ ತಜ್ಞರ ಬಳಿ ಮಾಡಿಸೋಣ. ಬಂದ ಫಲಿತಾಂಶವನ್ನು ಯಾವ ಮೆಟ್ಟಿಲಿನಿಂದ ಕಲಿಸಲು ಆರಂಭಿಸಬೇಕು ಎಂದು ತಿಳಿಯಲು ಬಳಸೋಣ. ಅಂಕಪಟ್ಟಿಯ ಮೇಲಿನ ಅಂಕಿ ಮುಂದಿನ ವರ್ಷ ಬದಲಾಗುತ್ತದೆ. ದೊಡ್ಡವರು ಆಡಿದ ಒಂದು ಕಠಿಣ ಮಾತನ್ನು ಮಗು ಮುಪ್ಪಿನವರೆಗೂ ಹೊತ್ತುಕೊಂಡು ಹೋಗುತ್ತದೆ.